ಹೊರಗಿನ ಮೀನು ಬಂದರೆ ಅಲ್ಲಿಯ ಮೀನಿಗೆ ಏನಾಗುತ್ತದೆ?

ಹೊಳೆದಂಡೆ:
ಮೀನಿನ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ. "ಹೊಳೆಯಲ್ಲಿ ಹತ್ತು ಜಾತಿ ಇದ್ದವು. ಹೊರಗಿಂದ ಒಂದು ತಂದು ಬಿಟ್ಟರು. ಈಗ ಹನ್ನೊಂದಾಯಿತು. ಇದರಲ್ಲಿ ನಷ್ಟ ಎಲ್ಲಿಂದ ಬಂತು?" ಕೇಳೋಕೆ ಸರಿಯಾಗೇ ಇದೆ. ಆದರೆ ನೀರಿನ ಒಳಗೆ ಲೆಕ್ಕ ಹೀಗೆ ನಡೆಯುವುದಿಲ್ಲ.

ಫಿಲಿಪ್ಪೀನ್ಸ್‌ನ ಲನಾವೊ ಸರೋವರವನ್ನೇ ನೋಡಿ. ಆ ಸರೋವರದಲ್ಲಿ ಮತ್ತು ಅದರಿಂದ ಹೊರಡುವ ನದಿಯಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇರದ 17 ಜಾತಿ ಮೀನುಗಳು ಅಲ್ಲಿದ್ದವು. ಅವುಗಳಲ್ಲಿ 15 ಪೂರ್ತಿ ಅಳಿದುಹೋಗಿವೆ ಎಂದು, ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್, 2020ರಲ್ಲಿ ಹೇಳಿತು. ಉಳಿದ ಎರಡು ಇನ್ನೂ ಇವೆಯೋ ಇಲ್ಲವೋ ಅನ್ನುವ ಸ್ಥಿತಿ. ಮುಖ್ಯ ಕಾರಣ ಹೊರಗಿಂದ ಬಂದ, ಬೇರೆ ಮೀನುಗಳನ್ನು ತಿನ್ನುವ ಮೀನುಗಳು. ಅದರ ಮೇಲೆ ಅತಿಯಾಗಿ ಬಲೆ ಹಾಕಿದ್ದು, ನಾಶ ಮಾಡುವ ರೀತಿಯಲ್ಲಿ ಹಿಡಿದದ್ದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹರಿಯುವ ನೀರಿಗೆ, ಸರೋವರಕ್ಕೆ ಅಲ್ಲಿಯದಲ್ಲದ ಮೀನನ್ನು ಬಿಡಬಾರದು. ಬಿಟ್ಟಮೇಲೆ ವಾಪಸ್ ಕರೆಯೋಕೆ ಆಗಲ್ಲ. ಒಪ್ಪದವರು ದಯವಿಟ್ಟು ವಾದ ಮಾಡಿ, ಅದಕ್ಕೇ ಇದನ್ನು ಶುರು ಮಾಡಿದ್ದು.

ಮೀನುಕೃಷಿಕ:
ನಾನು ಒಪ್ಪುವುದಿಲ್ಲ, ಪೂರ್ತಿಯಾಗಿ ಅಂತೂ ಅಲ್ಲ. ನೀವು ಹೇಳುವ ಅದೇ ಐಯುಸಿಎನ್ 2023ರಲ್ಲಿ ಸಿಹಿನೀರಿನ ಮೀನುಗಳ ಲೆಕ್ಕ ಕೊಟ್ಟಿತ್ತು. ಪರಿಶೀಲಿಸಿದ ಜಾತಿಗಳಲ್ಲಿ 25 ಶೇಕಡಾ ಅಪಾಯದಲ್ಲಿವೆ. ಆ ಅಪಾಯದಲ್ಲಿರುವ ಮೀನುಗಳಿಗೆ ತೊಂದರೆ ಎಲ್ಲಿಂದ? 57 ಶೇಕಡಾಕ್ಕೆ ಮಾಲಿನ್ಯ. 45 ಶೇಕಡಾಕ್ಕೆ ಅಣೆಕಟ್ಟು ಮತ್ತು ನೀರು ಎತ್ತುವುದು. ಹೊರಗಿನ ಜಾತಿಗಳು ಮತ್ತು ರೋಗ ಎರಡೂ ಸೇರಿ 33.

ಅಂದರೆ ದೊಡ್ಡ ಅಪರಾಧಿ ಕಾರ್ಖಾನೆಯ ಕೊಳಚೆ ಮತ್ತು ಅಣೆಕಟ್ಟು. ಅಣೆಕಟ್ಟು ಕಟ್ಟಿದ ದಿನವೇ ಹರಿವ ನೀರಿನ ಮೀನಿನ ಕಥೆ ಮುಗಿಯುತ್ತದೆ. ನಿಂತ ನೀರಿನಲ್ಲಿ ಬದುಕಬಲ್ಲ ತಿಲಾಪಿಯಾ, ಗೆಂಡೆ ಬಿಟ್ಟರೆ ಕನಿಷ್ಠ ಜನರಿಗೆ ಊಟವಾದರೂ ಸಿಗುತ್ತದೆ. ಖಾಲಿ ನೀರು ಇಟ್ಟುಕೊಂಡು ಏನು ಮಾಡುವುದು? ಮೀನು ಸಾಕುವವರ ಮೇಲೆ ಗೂಬೆ ಕೂರಿಸುವುದು ಸುಲಭ. ಕೊಳಚೆ ಬಿಡುವವರನ್ನು ಯಾರೂ ಕೇಳುವುದಿಲ್ಲ.

ಜಲಚರ:
ಮೀನುಕೃಷಿಕ ಅವರೇ, ನಿಮ್ಮ ಅಂಕಿಗಳು ಸರಿ ಇವೆ. ಆದರೆ ಅವನ್ನೆಲ್ಲ ಕೂಡಿ ನೋಡಿ. ಅತಿಯಾಗಿ ಹಿಡಿಯುವುದು 25, ಹವಾಮಾನ ಬದಲಾವಣೆ 17 ಅಂತಲೂ ಅದೇ ಪಟ್ಟಿಯಲ್ಲಿದೆ. ಎಲ್ಲ ಸೇರಿದರೆ 100 ದಾಟಿ 177 ಆಗುತ್ತದೆ. ಯಾಕೆ? ಒಂದೇ ಮೀನಿಗೆ ಎರಡು ಮೂರು ಕಡೆಯಿಂದ ಏಟು ಬೀಳುತ್ತಿದೆ. ಹಾಗಾಗಿ ಮಾಲಿನ್ಯವೋ ಹೊರಗಿನ ಮೀನೋ ಅಂತ ಒಂದನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಅಲ್ಲ. ಎಷ್ಟೋ ಕಡೆ ಒಂದು ಇನ್ನೊಂದಕ್ಕೆ ಬಲ ಕೊಡುತ್ತದೆ.

ಇದಕ್ಕೆ ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅಲ್ಲಿ ಸಿಕ್ಲಿಡ್ ಗುಂಪಿನ ಚಿಕ್ಕ ಚಿಕ್ಕ ಮೀನುಗಳು 500ಕ್ಕೂ ಜಾಸ್ತಿ ಜಾತಿಗಳಲ್ಲಿ ಇದ್ದವು. ಒಂದು ಪಾಚಿ ಕೆರೆದು ತಿನ್ನುವುದು, ಒಂದು ಬಸವನಹುಳು ಒಡೆದು ತಿನ್ನುವುದು, ಇನ್ನೊಂದು ಬೇರೆ ಮೀನಿನ ಮರಿಗಳನ್ನು ತಿನ್ನುವುದು, ಹೀಗೆ ಒಂದೊಂದಕ್ಕೆ ಒಂದೊಂದು ಕಸುಬು. 1970ರ ಸುಮಾರಿಗೆ ತಳದ ಮೀನುಗಳ ಒಟ್ಟು ತೂಕದಲ್ಲಿ ಸುಮಾರು 80 ಶೇಕಡಾ ಇವೇ ಇದ್ದವು. ಅದಕ್ಕೂ ಮೊದಲೇ, 1950ರ ದಶಕದಲ್ಲಿ ಮತ್ತು 60ರ ಶುರುವಿನಲ್ಲಿ, ನೈಲ್ ಪರ್ಚ್ ತಂದು ಬಿಟ್ಟಿದ್ದರು. ಎರಡು ಮೀಟರ್‌ವರೆಗೆ ಬೆಳೆಯುವ ಬೇಟೆಯ ಮೀನು ಅದು. ಇಪ್ಪತ್ತು ವರ್ಷ ಏನೂ ಆಗಲಿಲ್ಲ ಅನ್ನುವ ಹಾಗಿತ್ತು. 1980ರ ದಶಕದಲ್ಲಿ ಅದು ಒಮ್ಮೆಲೇ ಉಕ್ಕಿತು. ಸಿಕ್ಲಿಡ್‌ಗಳು ಬಲೆಯಿಂದಲೇ ಕಾಣೆಯಾದವು. ನೂರಾರು ಜಾತಿಗಳು ಹೋದವು ಅನ್ನುವುದು ಸಂಶೋಧಕರ ಅಂದಾಜು.

ಈಗ ನಿಮ್ಮ ಮಾಲಿನ್ಯದ ವಿಷಯಕ್ಕೆ ಬರೋಣ. ಅದೇ ಕಾಲದಲ್ಲಿ ದಡದ ಕಾಡು ಹೋಗಿ, ಹೊಲದ ಮಣ್ಣು, ಗೊಬ್ಬರ ನೀರಿಗೆ ಸೇರಿ ಸರೋವರ ಕದಡಿತು. ಸಿಕ್ಲಿಡ್ ಹೆಣ್ಣು ಗಂಡನ್ನು ಆರಿಸುವುದು ಬಣ್ಣ ನೋಡಿ. ಒಂದು ಜಾತಿಯ ಗಂಡು ನೀಲಿ, ಹತ್ತಿರದ ಇನ್ನೊಂದು ಜಾತಿಯದು ಕೆಂಪು. ಕದಡಿದ ನೀರಿನಲ್ಲಿ ನೀಲಿ ಯಾವುದು ಕೆಂಪು ಯಾವುದು ಗೊತ್ತಾಗುವುದಿಲ್ಲ. ಜಾತಿಗಳು ಒಂದರೊಳಗೊಂದು ಬೆರೆತುಹೋದವು. ಅಂದರೆ ಒಂದು ಕಡೆ ಪರ್ಚ್ ತಿಂದಿತು, ಇನ್ನೊಂದು ಕಡೆ ಉಳಿದವು ತಮ್ಮ ಗುರುತನ್ನೇ ಕಳೆದುಕೊಂಡವು.

ಮೀನುಕೃಷಿಕ:
ಪೂರ್ತಿ ಕಥೆ ಹೇಳಿ ಸರ್. ಆ ನೈಲ್ ಪರ್ಚ್‌ನಿಂದ ಕೀನ್ಯಾ, ಉಗಾಂಡ, ತಾಂಜಾನಿಯಾ ಮೂರೂ ದೇಶಗಳಲ್ಲಿ ದೊಡ್ಡ ರಫ್ತು ಉದ್ಯಮ ಬೆಳೆಯಿತು. ಲಕ್ಷಾಂತರ ಜನರಿಗೆ ಕೆಲಸ ಸಿಕ್ಕಿತು. ಬೆರಳುದ್ದದ ಮೀನಿನಿಂದ ಅದು ಆಗುತ್ತಿತ್ತಾ?

ಜಲಚರ:
ಆಗುತ್ತಿರಲಿಲ್ಲ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಬೆರಳುದ್ದದ ಮೀನನ್ನು ದಡದ ಹೆಂಗಸರು ಬಿಸಿಲಿಗೆ ಹರವಿ ಒಣಗಿಸಿ ಮಾರುತ್ತಿದ್ದರು. ಪರ್ಚ್‌ನಲ್ಲಿ ಕೊಬ್ಬು ಜಾಸ್ತಿ. ಬಿಸಿಲಿಗೆ ಒಣಗುವುದಿಲ್ಲ, ಹೊಗೆ ಹಾಕಬೇಕು. ಹೊಗೆಗೆ ಸೌದೆ ಬೇಕು, ಸೌದೆಗೆ ಮರ ಕಡಿಯಬೇಕು. ಒಳ್ಳೆಯ ಮಾಂಸ ಕಾರ್ಖಾನೆಗೆ ಹೋಗಿ ಅಲ್ಲಿಂದ ಹೊರದೇಶಕ್ಕೆ ಹೋಯಿತು. ಲಾಭ ಆಯಿತು ನಿಜ, ಆದರೆ ಮೊದಲು ಆ ಸರೋವರದಿಂದ ಬದುಕುತ್ತಿದ್ದವರ ಕೈಗೇ ಬಂತು ಅಂತ ಹೇಳಲಾಗದು.

ಒಂದು ಒಳ್ಳೆಯ ಸುದ್ದಿಯೂ ಇದೆ. 1990ರ ದಶಕದಲ್ಲಿ ಪರ್ಚ್ ಅನ್ನು ಬಹಳ ಹಿಡಿದು ಅದರ ಸಂಖ್ಯೆ ಇಳಿದಾಗ ಕೆಲವು ಸಿಕ್ಲಿಡ್ ಜಾತಿಗಳು ಮತ್ತೆ ಕಾಣಿಸಿಕೊಂಡವು. ಎಲ್ಲವೂ ಅಲ್ಲ.

ಗಾಳಪ್ರಿಯ:
ನಾನು ಗಾಳ ಹಾಕುವವನು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತೇನೆ. ಒಂದು ಮಾತು ಹೇಳಲೇಬೇಕು. ಎಷ್ಟೋ ಬೆಟ್ಟದ ತೊರೆಗಳು ಇವತ್ತು ಶುದ್ಧವಾಗಿ ಉಳಿದಿರುವುದು ಹೊರಗಿಂದ ತಂದ ಟ್ರೌಟ್ ಮೀನು ಇದೆ ಅನ್ನುವ ಕಾರಣಕ್ಕೆ. ಟ್ರೌಟ್‌ಗೆ ತಣ್ಣನೆ ಶುದ್ಧ ನೀರು ಬೇಕು. ಅದಕ್ಕೋಸ್ಕರ ಗಾಳದವರ ಸಂಘಗಳು ಹೋರಾಡಿ ತೊರೆ ಉಳಿಸಿಕೊಂಡಿವೆ. ನ್ಯೂಜಿಲೆಂಡ್‌ನಲ್ಲಿ ನೂರೈವತ್ತು ವರ್ಷದಿಂದ ಟ್ರೌಟ್ ಇದೆ. ತೊರೆಗಳು ಸತ್ತುಹೋಗಿಲ್ಲವಲ್ಲ?

ಹೊಳೆದಂಡೆ:
ತೊರೆ ಸತ್ತಿಲ್ಲ, ಸರಿ. ತೊರೆಯ ಮೀನುಗಳು ಎಲ್ಲಿಗೆ ಹೋದವು ಅಂತ ಕೇಳಬೇಕು.

ಅಲ್ಲಿಗೆ ಕಂದು ಟ್ರೌಟ್ ಬಂದದ್ದು 1860ರ ದಶಕದಲ್ಲಿ. ಅಲ್ಲಿಯ ಮೂಲ ಮೀನುಗಳಲ್ಲಿ ಗ್ಯಾಲಕ್ಸಿಯಸ್ ಅನ್ನುವ ಗುಂಪಿದೆ. ಹುರುಪೆ ಇಲ್ಲದ ನುಣುಪು ಮೈಯ ಚಿಕ್ಕ ಮೀನುಗಳು. ಟೈಯರಿ ನದಿಯ ತೊರೆಗಳಲ್ಲಿ ಯಾವ ಮೀನು ಎಲ್ಲಿದೆ ಅಂತ ಸಂಶೋಧಕರು ಹುಡುಕಿದಾಗ ಒಂದು ಗೆರೆ ಎಳೆದ ಹಾಗೆ ಕಂಡಿತು. ದೊಡ್ಡ ಜಲಪಾತದ ಕೆಳಗೆ ಟ್ರೌಟ್. ಮೇಲೆ, ಟ್ರೌಟ್ ಹಾರಿ ಹೋಗಲಾಗದ ಕಡೆ, ಗ್ಯಾಲಕ್ಸಿಯಸ್. ಮೊದಲು ಉದ್ದಕ್ಕೂ ಇದ್ದ ಮೀನು ಈಗ ತುಂಡು ತುಂಡು ಜಾಗಗಳಲ್ಲಿ ಸಿಕ್ಕಿಹಾಕಿಕೊಂಡಿದೆ. ಒಂದು ತುಂಡಿನಲ್ಲಿ ಬರ ಬಂದು ನೀರು ಒಣಗಿದರೆ ಪಕ್ಕದಿಂದ ಬಂದು ತುಂಬುವ ಮೀನು ಇಲ್ಲ.

ಟ್ರೌಟ್ ಇರುವ ತೊರೆಯ ನೀರೂ ಬದಲಾಗುತ್ತದೆ. ಕಲ್ಲಿನ ಮೇಲೆ ಪಾಚಿ ಮೇಯುವ ಹುಳಗಳು ಟ್ರೌಟ್ ಕಣ್ಣಿಗೆ ಬೀಳಬಾರದು ಅಂತ ಹಗಲೆಲ್ಲ ಕಲ್ಲಿನಡಿ ಅಡಗುತ್ತವೆ. ಮೇಯುವುದು ಕಡಿಮೆಯಾಗುತ್ತದೆ, ಪಾಚಿ ಜಾಸ್ತಿಯಾಗುತ್ತದೆ. ಮೀನು ಒಂದು ಬದಲಾದರೆ ಕಲ್ಲಿನ ಬಣ್ಣದವರೆಗೆ ಬದಲಾವಣೆ ಹೋಗುತ್ತದೆ.

ಇನ್ನೊಂದು ಮೀನಿತ್ತು, ಉಪೊಕೊರೊರೊ. ಹಿಂಡು ಹಿಂಡಾಗಿ ನದಿ ಹತ್ತುತ್ತಿದ್ದ ಮೀನು. 1920ರ ದಶಕದ ನಂತರ ಅದರ ಸುಳಿವೇ ಇಲ್ಲ. ಕಾಡು ಕಡಿದದ್ದು, ಅತಿಯಾಗಿ ಹಿಡಿದದ್ದು, ಟ್ರೌಟ್, ಮೂರರ ಮೇಲೂ ಅನುಮಾನ ಇದೆ. ಅದನ್ನು ಹಿಡಿಯಬಾರದು ಅಂತ ಕಾನೂನು ಬಂದದ್ದು 1951ರಲ್ಲಿ. ಆಗ ಹಿಡಿಯೋಕೆ ಒಂದೂ ಉಳಿದಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆರೋಗ್ಯಸೇವಕಿ:
ಸೊಳ್ಳೆ ನಿಯಂತ್ರಣದ ಕಡೆಯಿಂದ ಒಂದು ಮಾತು. ಗಾಂಬೂಸಿಯಾ ಅನ್ನುವ ಚಿಕ್ಕ ಮೀನು ಬಿಟ್ಟರೆ ಸೊಳ್ಳೆಮರಿ ತಿನ್ನುತ್ತದೆ. ಔಷಧಿ ಸಿಂಪಡಿಸುವುದಕ್ಕಿಂತ ಒಳ್ಳೆಯದಲ್ವಾ? ಮಲೇರಿಯಾದಿಂದ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ ಇದನ್ನು ಪ್ರಪಂಚದ ತುಂಬ ಒಯ್ದವರು ಕೆಟ್ಟ ಉದ್ದೇಶದಿಂದ ಮಾಡಲಿಲ್ಲ. ಮನುಷ್ಯರ ಜೀವ ಮತ್ತು ಯಾವುದೋ ಬೆರಳುದ್ದದ ಮೀನು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅನ್ನುವುದಷ್ಟೇ ನನ್ನ ಮನವಿ.

ಜಲಚರ:
ಮೇಡಂ, ಉದ್ದೇಶದ ಬಗ್ಗೆ ನನಗೂ ಅನುಮಾನ ಇಲ್ಲ. ಕೆಲಸ ಆಗುತ್ತದೆಯಾ ಅನ್ನುವುದೇ ಪ್ರಶ್ನೆ. ಗಾಂಬೂಸಿಯಾ ಸೊಳ್ಳೆಮರಿ ತಿನ್ನುತ್ತದೆ, ಹೌದು. ಅದರ ಜೊತೆಗೆ ಕೊಡತಿ ಹುಳದ ಮರಿ, ನೀರಿನ ತಿಗಣೆ, ಇಂಥವನ್ನೂ ತಿನ್ನುತ್ತದೆ. ಸೊಳ್ಳೆಮರಿಗಳನ್ನು ಮೊದಲಿಂದ ತಿನ್ನುತ್ತಿದ್ದವರು ಇವರೇ. ಕಾವಲಿಗಿದ್ದ ನಾಲ್ಕು ಜನರನ್ನು ಓಡಿಸಿ ಒಬ್ಬನನ್ನು ನಿಲ್ಲಿಸಿದ ಹಾಗೆ. ಸ್ಥಳೀಯ ಮೀನುಗಳು ಇರುವ ಕಡೆ ಇದು ಅವುಗಳಿಗಿಂತ ಚೆನ್ನಾಗಿ ಸೊಳ್ಳೆ ಇಳಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಹೊಸ ಜಾಗಗಳಿಗೆ ಗಾಂಬೂಸಿಯಾ ಬಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1982ರಲ್ಲೇ ಹೇಳಿದೆ.

ಇದು ಬೇರೆ ಮೀನಿನ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅಂತ ತೊಟ್ಟಿಯಲ್ಲೇ ನೋಡಬಹುದು. ತನಗಿಂತ ದೊಡ್ಡ ಮೀನಿನ ಹಿಂದೆ ಸುತ್ತುತ್ತದೆ. ಬಾಲದ ಅಂಚನ್ನು ಒಂದು ಚೂರು ಕಚ್ಚಿ ಹಿಂದೆ ಸರಿಯುತ್ತದೆ. ಮತ್ತೆ ಬಂದು ಇನ್ನೊಂದು ಚೂರು. ಸ್ವಲ್ಪ ಹೊತ್ತಿನಲ್ಲಿ ಆ ಮೀನಿನ ಬಾಲ ಹರಿದು ಚಿಂದಿಯಾಗಿರುತ್ತದೆ. ಸರಿಯಾಗಿ ಈಜಲಾಗದೆ, ಗಾಯಕ್ಕೆ ಸೋಂಕು ತಗುಲಿ ಅದು ಸಾಯುತ್ತದೆ. ಮೊಟ್ಟೆ, ಮರಿ ಸಿಕ್ಕರಂತೂ ಬಿಡುವುದೇ ಇಲ್ಲ. ಇದು ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ. ಗಂಡಿನ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳಬಲ್ಲದು. ಅಂದರೆ ಒಂದೇ ಒಂದು ಬಸುರಿ ಮೀನು ಹೊಸ ನೀರಿಗೆ ಬಿದ್ದರೂ ಸಾಕು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಜ್‌ಬಾಸ್ಟನ್ ಅನ್ನುವ ಕಡೆ ಕೆಲವು ಒರತೆಗಳಿವೆ. ನೀರು ಕೆಲವೇ ಸೆಂಟಿಮೀಟರ್ ಆಳ. ಕೆಂಪು ರೆಕ್ಕೆಯ, ನೀಲಿ ಕಣ್ಣಿನ ಮೂರು ಸೆಂಟಿಮೀಟರ್ ಮೀನೊಂದು ಅಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಗಾಂಬೂಸಿಯಾ ನುಗ್ಗಿದ ಒರತೆಗಳಿಂದ ಅದು ಒಂದೊಂದಾಗಿ ಹೋಯಿತು. ಈಗ ಗಾಂಬೂಸಿಯಾ ಇಲ್ಲದ ಒರತೆಗಳಿಗೆ ಅದನ್ನು ಸಾಗಿಸಿ, ಸುತ್ತ ಗಿಡ್ಡ ತಡೆ ಕಟ್ಟಿ ಕಾಯುತ್ತಿದ್ದಾರೆ.

ಆರೋಗ್ಯಸೇವಕಿ:
ಹಾಗಾದರೆ ಮುಚ್ಚಿದ ತೊಟ್ಟಿ, ಕಟ್ಟಡದ ಕೆಲಸದ ನೀರಿನ ಗುಂಡಿ, ಇಂಥ ಕಡೆ? ಅಲ್ಲಿಂದ ಹೊಳೆಗೆ ದಾರಿಯೇ ಇಲ್ಲ.

ಜಲಚರ:
ಹೊರಗಿನ ನೀರಿಗೆ ಯಾವ ದಾರಿಯೂ ಇಲ್ಲ, ಮಳೆಗೆ ಉಕ್ಕಿ ಹರಿಯುವುದಿಲ್ಲ ಅಂತ ಖಾತ್ರಿ ಇದ್ದರೆ ನನ್ನ ತಕರಾರಿಲ್ಲ. ಆದರೂ ಆ ಪ್ರದೇಶದಲ್ಲೇ ಸೊಳ್ಳೆಮರಿ ತಿನ್ನುವ ಚಿಕ್ಕ ಮೀನು ಇದ್ದರೆ ಮೊದಲು ಅದನ್ನೇ ಬಳಸಿ. ಬಹಳ ಕಡೆ ಇರುತ್ತವೆ.

ಮೀನುಕೃಷಿಕ:
ನೀವೆಲ್ಲ ಅತಿ ಕೆಟ್ಟ ಉದಾಹರಣೆಗಳನ್ನೇ ಆರಿಸಿ ತರುತ್ತಿದ್ದೀರಿ. ರೊಡಾಲ್ಫ್ ಗೋಜ್ಲಾನ್ ಅನ್ನುವ ಸಂಶೋಧಕರು 2008ರಲ್ಲಿ ಇದನ್ನೇ ಕೇಳಿದ್ದರು: ಹೊರಗಿನ ಮೀನು ತಂದದ್ದೆಲ್ಲ ಕೆಟ್ಟದ್ದೇನಾ? ಬಹುಪಾಲು ಜಾತಿಗಳಿಂದ ಪರಿಸರಕ್ಕೆ ಹಾನಿ ಆದದ್ದು ದಾಖಲಾಗಿಲ್ಲ ಅಂತ ಅವರು ಬರೆದರು. ಜೀವಶಾಸ್ತ್ರದಲ್ಲೇ ಒಂದು ಅಂದಾಜು ಇದೆ: ಹೊರಗಿಂದ ಬಂದವುಗಳಲ್ಲಿ ಸುಮಾರು ಹತ್ತರಲ್ಲಿ ಒಂದು ನೆಲೆಯೂರುತ್ತದೆ, ನೆಲೆಯೂರಿದ ಹತ್ತರಲ್ಲಿ ಒಂದು ಪಿಡುಗಾಗುತ್ತದೆ. ಅಂದರೆ ನೂರಕ್ಕೆ ಒಂದು. ಆ ಒಂದಕ್ಕೆ ಹೆದರಿ 99 ಬಿಡಬೇಕಾ?

ಜಲಚರ:
ಆ 2008ರ ಲೇಖನ ಮುಖ್ಯವಾದದ್ದೇ. ಆದರೆ ಮರುವರ್ಷವೇ ಅದೇ ಪತ್ರಿಕೆಯಲ್ಲಿ ಬೇರೆ ಸಂಶೋಧಕರು ಉತ್ತರ ಕೊಟ್ಟರು. ಹಾನಿ ದಾಖಲಾಗಿಲ್ಲ ಅಂದರೆ ಹಾನಿ ಇಲ್ಲ ಅಂತಲ್ಲ. ಬಹಳಷ್ಟು ಕಡೆ ಯಾರೂ ಹುಡುಕಿಯೇ ಇಲ್ಲ. ಮೀನು ಬಿಡುವ ಮೊದಲು ಅಲ್ಲಿ ಏನೇನಿತ್ತು ಅನ್ನುವ ಪಟ್ಟಿಯೇ ಇರದಿದ್ದರೆ ಏನು ಹೋಯಿತು ಅಂತ ಹೇಳುವುದು ಹೇಗೆ?

ಗೋಜ್ಲಾನ್ ಅವರದ್ದೇ 2005ರ ಒಂದು ಕೆಲಸ ಇದೆ, ಅದನ್ನೂ ಓದಬೇಕು. ಏಷ್ಯಾದ ಒಂದು ಪುಟ್ಟ ಮೀನು, ಟಾಪ್‌ಮೌತ್ ಗಜನ್, 1960ರ ದಶಕದಲ್ಲಿ ಗೆಂಡೆ ಮರಿಗಳ ಜೊತೆ ಬೆರೆತು ಯುರೋಪಿಗೆ ಬಂತು. ಯಾರೂ ಬೇಕು ಅಂತ ತಂದದ್ದಲ್ಲ, ಮರಿ ಎಣಿಸುವಾಗ ಗೊತ್ತಾಗದೆ ಬಂದದ್ದು. ಅದು ತನ್ನ ಮೈಯಲ್ಲಿ ಒಂದು ಸೂಕ್ಷ್ಮ ಪರಾವಲಂಬಿಯನ್ನು ಹೊತ್ತುಕೊಂಡಿರುತ್ತದೆ, ತನಗೆ ಏನೂ ಆಗುವುದಿಲ್ಲ. ಆ ಮೀನು ಇದ್ದ ನೀರಿನಲ್ಲಿ ಯುರೋಪಿನ ಸನ್‌ಬ್ಲೀಕ್ ಅನ್ನುವ ಮೀನನ್ನು ಇಟ್ಟು ನೋಡಿದರು. ಸನ್‌ಬ್ಲೀಕ್ ಮೊಟ್ಟೆ ಇಡುವುದನ್ನೇ ನಿಲ್ಲಿಸಿತು, ಬಹುಪಾಲು ಸತ್ತವು. ಒಂದು ಮೀನು ಇನ್ನೊಂದನ್ನು ಮುಟ್ಟಲೂ ಇಲ್ಲ, ನೀರು ಹಂಚಿಕೊಂಡದ್ದಷ್ಟೇ.

ನೂರಕ್ಕೆ ಒಂದು ಅನ್ನುವ ಲೆಕ್ಕದಲ್ಲಿ ನನಗಿರುವ ದೊಡ್ಡ ತೊಂದರೆ ಇದು: ಆ ಒಂದು ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. 1970ರಲ್ಲಿ ಯಾರಾದರೂ ವಿಕ್ಟೋರಿಯಾ ಸರೋವರಕ್ಕೆ ಹೋಗಿ ನೋಡಿದ್ದರೆ ನೈಲ್ ಪರ್ಚ್ ಅನ್ನು ಆ 99ರಲ್ಲಿ ಸೇರಿಸುತ್ತಿದ್ದರು.

ಹೊಳೆದಂಡೆ:
ಇದಕ್ಕೆ ಗೆಂಡೆಯದ್ದೂ ಸೇರಿಸುತ್ತೇನೆ, ಯಾಕೆಂದರೆ ಎಲ್ಲರೂ ಸಾಧು ಮೀನು ಅಂದುಕೊಳ್ಳುವುದು ಅದನ್ನೇ. ಸಾಮಾನ್ಯ ಗೆಂಡೆ ಬೇರೆ ಮೀನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಬಾಯಿಯನ್ನು ಮುಂದೆ ಚಾಚಿ ತಳದ ಕೆಸರನ್ನು ಹೀರುತ್ತದೆ. ಬಾಯೊಳಗೇ ಸೋಸಿ ಹುಳ, ಬೀಜ ಇಟ್ಟುಕೊಂಡು ಕೆಸರನ್ನು ಉಗುಳುತ್ತದೆ. ದಿನವಿಡೀ ಇದೇ ಕೆಲಸ. ಸಾವಿರ ಗೆಂಡೆ ಹೀಗೆ ಮಾಡಿದರೆ ನೀರು ತಿಳಿಯಾಗುವುದೇ ಇಲ್ಲ. ನೀರೊಳಗಿನ ಗಿಡಗಳು ಬುಡಸಮೇತ ಕಿತ್ತುಬರುತ್ತವೆ, ಉಳಿದವುಗಳಿಗೆ ಬೆಳಕು ಸಿಗುವುದಿಲ್ಲ. ಗಿಡಕ್ಕೆ ಮೊಟ್ಟೆ ಅಂಟಿಸುವ ಮೀನಿಗೆ ಗಿಡ ಇಲ್ಲ. ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನಿಗೆ ಕಾಣಿಸುವುದಿಲ್ಲ. ಆಸ್ಟ್ರೇಲಿಯಾದ ಮರ್ರೆ–ಡಾರ್ಲಿಂಗ್ ನದಿಗಳಲ್ಲಿ ಕೆಲವು ಕಡೆ ಮೀನಿನ ಒಟ್ಟು ತೂಕದಲ್ಲಿ 80 ಶೇಕಡಾಕ್ಕೂ ಜಾಸ್ತಿ ಗೆಂಡೆಯೇ ಆಗಿದೆ.

ಗಾಳಪ್ರಿಯ:
ಟ್ರೌಟ್ ವಿಷಯದಲ್ಲಿ ನನ್ನ ಮಾತು ನಾನು ಬಿಡುವುದಿಲ್ಲ. ಆದರೆ ಗಾಳದವರ ಕಡೆಯಿಂದಲೇ ಬಂದ ಒಂದು ದಾಖಲೆ ಇಲ್ಲಿ ಹೇಳಬೇಕು, ಅದು ದೇಶದ ಗಡಿಯ ಪ್ರಶ್ನೆಯನ್ನೂ ಎತ್ತುತ್ತದೆ.

ಕಾವೇರಿಯ ಗೂನು ಬೆನ್ನಿನ ಮಹಶೀರ್ ಕೇಳಿರುತ್ತೀರಿ. ಪ್ರಪಂಚದ ಅತಿ ದೊಡ್ಡ ಮಹಶೀರ್‌ಗಳಲ್ಲಿ ಒಂದು, 50 ಕಿಲೋ ದಾಟುವ ಮೀನು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನೀಲಿ ರೆಕ್ಕೆಯ ಮಹಶೀರ್ ಬೇರೆ ಜಾತಿ. ಅದನ್ನು ಲೋನಾವಳದಲ್ಲಿ 1970ರ ದಶಕದಿಂದ ಮರಿ ಮಾಡಿಸಿ ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಉದ್ದೇಶ ಮಹಶೀರ್ ಉಳಿಸುವುದೇ ಆಗಿತ್ತು.

ಕಾವೇರಿ ದಡದ ಗಾಲಿಬೋರೆಯಲ್ಲಿ, ಮೀನು ಹಿಡಿದು ಮತ್ತೆ ನೀರಿಗೆ ಬಿಡುವ ಗಾಳದವರು ಪ್ರತಿ ಮೀನಿನ ತೂಕ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಸಂಶೋಧಕರು ತೆಗೆದು ನೋಡಿದಾಗ ಏನು ಕಂಡಿತು ಗೊತ್ತಾ? ನೀಲಿ ರೆಕ್ಕೆಯವು ಹೆಚ್ಚುತ್ತಾ ಹೋಗಿದ್ದವು. ಗೂನು ಬೆನ್ನಿನವು ಕಡಿಮೆಯಾಗುತ್ತಾ, ಆದರೆ ಒಂದೊಂದರ ತೂಕ ಜಾಸ್ತಿಯಾಗುತ್ತಾ ಹೋಗಿತ್ತು. ಮೇಲ್ನೋಟಕ್ಕೆ ದೊಡ್ಡ ಮೀನು ಸಿಗುತ್ತಿದೆ, ಖುಷಿ. ನಿಜವಾಗಿ ಅದರ ಅರ್ಥ ಮರಿಗಳೇ ಬೆಳೆದು ಬರುತ್ತಿಲ್ಲ, ಮುದಿ ಮೀನುಗಳಷ್ಟೇ ಉಳಿದಿವೆ ಅಂತ. 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ನಿಕ್ಕಿಯಾಯಿತು, ಟಾರ್ ರೆಮಾದೇವಿ. ಅದೇ ವರ್ಷ ಐಯುಸಿಎನ್ ಅದನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು.

ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಅಣೆಕಟ್ಟು, ಎಲ್ಲವೂ ಅಲ್ಲಿವೆ. ಆದರೆ ಅದೇ ಜಾಗದಲ್ಲಿ, ಅದೇ ತೊಂದರೆಗಳ ನಡುವೆ ನೀಲಿ ರೆಕ್ಕೆಯದು ಹೆಚ್ಚಿತಲ್ಲ, ಅದನ್ನು ಮರೆಯಬಾರದು. ಎರಡೂ ಒಂದೇ ದೇಶದ ಮೀನು. ನದಿ ಬೇರೆ, ಅಷ್ಟೇ.

ಮೀನುಕೃಷಿಕ:
ಇದು ಗಟ್ಟಿ ಉದಾಹರಣೆ. ಹಾಗೆ ನೋಡಿದರೆ ಕಾಟ್ಲಾ, ರೋಹು ಕೂಡ ಗಂಗೆಯ ಬಯಲಿನವು. ದಕ್ಷಿಣದ ನದಿಗಳಿಗೆ ಅವೂ ಹೊರಗಿನವೇ.

ಹೊಳೆದಂಡೆ:
ಹೌದು, ಹೊರಗಿನವೇ. ಮೀನಿಗೆ ಗೊತ್ತಿರುವುದು ನೀರಿನ ಜಾಡು ಮಾತ್ರ. ಅದನ್ನು ಬಿಟ್ಟು ಭೂಪಟ ನೋಡಿ ನಿರ್ಧಾರ ಮಾಡುತ್ತಿರುವುದರಿಂದಲೇ ಇದು ಇಷ್ಟು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಒಂದೇ ಜಾತಿಯೊಳಗೂ ಇದು ನಡೆಯುತ್ತದೆ. ನಾರ್ವೆಗೆ 1970ರ ದಶಕದಲ್ಲಿ ಬಾಲ್ಟಿಕ್ ಸಮುದ್ರದ ಕಡೆಯಿಂದ ಸಾಲ್ಮನ್ ಮೀನಿನ ಮರಿ ತಂದರು. ಜೊತೆಗೆ ಅರ್ಧ ಮಿಲಿಮೀಟರ್‌ನ ಒಂದು ಹುಳ ಬಂತು. ಬಾಲ್ಟಿಕ್‌ನ ಸಾಲ್ಮನ್‌ಗೆ ಅದು ಹಳೇ ಪರಿಚಯ, ತಡೆದುಕೊಳ್ಳುತ್ತಿತ್ತು. ನಾರ್ವೆಯ ಸಾಲ್ಮನ್‌ಗೆ ಆ ಶಕ್ತಿ ಇರಲಿಲ್ಲ. ಸುಮಾರು 50 ನದಿಗಳಲ್ಲಿ ಮರಿಗಳು ಸತ್ತವು.

ತೊಟ್ಟಿಮೀನು:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎರಡು ಪ್ರಶ್ನೆ. ಒಂದು, ಬಂದ ಮೀನನ್ನು ತೆಗೆದುಹಾಕಿದ ಉದಾಹರಣೆ ಎಲ್ಲಾದರೂ ಇದೆಯಾ, ಅಥವಾ ಬರೀ ಅಳುವುದಷ್ಟೇನಾ? ಎರಡು, ನನ್ನ ಗಾಜಿನ ತೊಟ್ಟಿಯಲ್ಲಿ ಪಾಚಿ ತಿನ್ನಲು ತಂದ ಸಕ್ಕರ್ ಮೀನು ಈಗ ತೊಟ್ಟಿಗೆ ಹಿಡಿಸದಷ್ಟು ಬೆಳೆದಿದೆ. ಕೊಲ್ಲಲು ಮನಸ್ಸಿಲ್ಲ. ಹತ್ತಿರದ ಕೆರೆಗೆ ಬಿಡಿ ಅಂತ ಹಲವರು ಹೇಳಿದ್ದಾರೆ.

ಜಲಚರ:
ಎರಡನೆಯದಕ್ಕೆ ಮೊದಲು ಉತ್ತರ: ಕೆರೆಗೆ ಬಿಡಬೇಡಿ, ದಯವಿಟ್ಟು. ಆ ಮೀನಿಗೆ ಮೈತುಂಬ ಮೂಳೆಯ ಕವಚ, ರೆಕ್ಕೆಯಲ್ಲಿ ಗಟ್ಟಿ ಮುಳ್ಳು. ಬೇರೆ ಮೀನು, ಹಕ್ಕಿ ಅದನ್ನು ನುಂಗುವುದು ಕಷ್ಟ. ನೀರಿನಲ್ಲಿ ಉಸಿರಾಡಲು ಆಗದಷ್ಟು ಕೊಳಕಾದರೂ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ದಡದಲ್ಲಿ ಅಡಿಗಟ್ಟಲೆ ಆಳದ ಬಿಲ ಕೊರೆದು ಅದರಲ್ಲಿ ಮೊಟ್ಟೆ ಇಡುತ್ತದೆ, ದಡ ಕುಸಿಯುತ್ತದೆ. ಬಲೆಗೆ ಬಿದ್ದರೆ ಮುಳ್ಳಿನಿಂದ ಬಲೆ ಹರಿಯುತ್ತದೆ. ಅಮೆರಿಕದ ಫ್ಲೋರಿಡಾ, ಮೆಕ್ಸಿಕೊ, ಭಾರತ, ಎಲ್ಲ ಕಡೆ ಇದು ಹೊಳೆ ಕೆರೆ ಸೇರಿರುವುದರಲ್ಲಿ ತೊಟ್ಟಿಯಿಂದ ಬಿಟ್ಟ ಮೀನುಗಳ ಪಾಲು ದೊಡ್ಡದು. ದೊಡ್ಡ ತೊಟ್ಟಿ ಇರುವ ಸಾಕುವವರನ್ನು ಹುಡುಕಿ, ಮಾರಿದ ಅಂಗಡಿಯವರನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಯಾವುದೂ ಆಗದಿದ್ದರೆ ನೋವಿಲ್ಲದೆ ಕೊನೆಗಾಣಿಸುವುದು ಹೇಗೆ ಅಂತ ಪಶುವೈದ್ಯರು ಹೇಳುತ್ತಾರೆ. ತೊಟ್ಟಿಯ ನೀರು, ಗಿಡ ಕೂಡ ಚರಂಡಿಗೆ, ಹೊಳೆಗೆ ಸುರಿಯಬೇಡಿ. ಅದರಲ್ಲೂ ಮರಿ, ಬಸವನಹುಳು ಇರುತ್ತವೆ.

ಹೊಳೆದಂಡೆ:
ಮೊದಲನೆಯ ಪ್ರಶ್ನೆ ನನಗಿರಲಿ. ಉದಾಹರಣೆ ಇದೆ, ಖುಷಿಯಿಂದ ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟಗಳಲ್ಲಿ ರೊಂಡೆಗಾಟ್ ಅಂತ ಚಿಕ್ಕ ನದಿ ಇದೆ. ಜಲಪಾತದ ಮೇಲೆ ಅಲ್ಲಿಯ ಮೂಲ ಮೀನುಗಳು ತುಂಬಿದ್ದವು. ಕೆಳಗೆ ಅಮೆರಿಕದಿಂದ ಬಂದ ಬಾಸ್ ಮೀನು. ಅದು ಇರುವ ಕಡೆ ಚಿಕ್ಕ ಮೀನು ಒಂದೂ ಇರಲಿಲ್ಲ, ಬಾಸ್ ಬಾಯಿಗೆ ಹಿಡಿಸದಷ್ಟು ಬೆಳೆದವು ಮಾತ್ರ ಉಳಿದಿದ್ದವು. 2012ರಲ್ಲಿ ನಾಲ್ಕು ಕಿಲೋಮೀಟರ್ ಉದ್ದಕ್ಕೆ ರೊಟಿನೋನ್ ಅನ್ನುವ ಮೀನುವಿಷ ಹಾಕಿದರು. ಮೊದಲು ಅಲ್ಲಿಯ ಮೂಲ ಮೀನುಗಳನ್ನು ಹಿಡಿದು ಬೇರೆಡೆ ಇಟ್ಟಿದ್ದರು. ಬಾಸ್ ಹೋಯಿತು. ಕೆಳಗಡೆ ಒಂದು ಸಣ್ಣ ಕಟ್ಟೆ ಇದ್ದದ್ದರಿಂದ ಮತ್ತೆ ಹತ್ತಿ ಬರಲಿಲ್ಲ. ಮೇಲಿಂದ ಮೂಲ ಮೀನುಗಳು ಇಳಿದು ಬಂದು ಬೇಗನೇ ತುಂಬಿಕೊಂಡವು.

ಆದರೆ ಇದು ಆದದ್ದು ನದಿ ಚಿಕ್ಕದು, ಮೇಲೆ ಕೆಳಗೆ ಎರಡೂ ಕಡೆ ತಡೆ ಇತ್ತು ಅನ್ನುವ ಕಾರಣಕ್ಕೆ. ದೊಡ್ಡ ನೀರಿನಲ್ಲಿ ಹೀಗಾಗದು. ಅಮೆರಿಕದ ಯೆಲ್ಲೊಸ್ಟೋನ್ ಸರೋವರದಲ್ಲಿ ಹೊರಗಿನ ಲೇಕ್ ಟ್ರೌಟ್ ಇದೆ ಅಂತ 1994ರಲ್ಲಿ ಗೊತ್ತಾಯಿತು. ಅಂದಿನಿಂದ ಬಲೆ ಹಾಕಿ 40 ಲಕ್ಷಕ್ಕೂ ಜಾಸ್ತಿ ತೆಗೆದಿದ್ದಾರೆ. ಇನ್ನೂ ತೆಗೆಯುತ್ತಲೇ ಇದ್ದಾರೆ. ಅಲ್ಲಿಯ ಮೂಲ ಕಟ್‌ತ್ರೋಟ್ ಟ್ರೌಟ್ ಮೊಟ್ಟೆ ಇಡಲು ಆಳವಿಲ್ಲದ ತೊರೆಗಳಿಗೆ ಹತ್ತುತ್ತಿತ್ತು. ಕರಡಿಗಳು ತೊರೆಯಲ್ಲಿ ನಿಂತು ಹಿಡಿದು ತಿನ್ನುತ್ತಿದ್ದವು. ಲೇಕ್ ಟ್ರೌಟ್ ಸರೋವರದ ಆಳದಲ್ಲೇ ಇದ್ದು ಅಲ್ಲೇ ಮೊಟ್ಟೆ ಇಡುತ್ತದೆ. ಕರಡಿಗೆ ಆ ಊಟ ಹೋಯಿತು, ಅವು ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಮರಿಗಳ ಕಡೆ ತಿರುಗಿದವು. ಮೀನಿನ ಬದಲು ಮೀನು ಬಂತು ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಮೀನುಕೃಷಿಕ:
ಸರಿ. ನದಿಗೆ, ಸರೋವರಕ್ಕೆ ಹೊಸ ಜಾತಿ ಬಿಡಬಾರದು ಅನ್ನುವುದರಲ್ಲಿ ನನ್ನ ಜಗಳ ಇಲ್ಲ. ನಾನು ಕೇಳುವುದು ಕೊಳದಲ್ಲಿ ಸಾಕುವವರ ಬಗ್ಗೆ. ಪ್ರಪಂಚದ ಎಷ್ಟೋ ಕಡೆ ಸಾಕುವುದು ಹೊರಗಿನ ಜಾತಿಗಳನ್ನೇ. ಅದನ್ನು ನಿಲ್ಲಿಸಿ ಅಂದರೆ ಬಡವರ ತಟ್ಟೆಯಿಂದ ಮೀನು ಹೋಗುತ್ತದೆ. ನಿಲ್ಲಿಸಿ ಅನ್ನುವ ಬದಲು ಏನು ಮಾಡಬೇಕು ಹೇಳಿ.

ಜಲಚರ:
ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ನೀರು ಹೊರಹೋಗುವ ಬಾಯಿಗೆ ಮೊಟ್ಟೆ, ಮರಿ ತಡೆಯುವಷ್ಟು ಸಣ್ಣ ಜಾಲರಿ ಹಾಕಿ, ಒಂದಲ್ಲ, ಒಂದರ ಹಿಂದೆ ಒಂದು. ಮರಿ ತರುವಾಗ ಒಂದೇ ಜಾತಿ ಇದೆಯಾ, ರೋಗ ಇದೆಯಾ ನೋಡಿ, ಟಾಪ್‌ಮೌತ್ ಗಜನ್ ಬಂದದ್ದೇ ಹಾಗೆ. ಮರಿ ಮಾಡದ ಮೀನು ಸಿಗುವ ಕಡೆ ಅದನ್ನೇ ಬಳಸಿ. ಹುಲ್ಲುಗೆಂಡೆಯ ಮೊಟ್ಟೆಗೆ ಒತ್ತಡ ಕೊಟ್ಟು ಬಂಜೆ ಮೀನು ಮಾಡುತ್ತಾರೆ, ಅಮೆರಿಕದ ಹಲವು ರಾಜ್ಯಗಳಲ್ಲಿ ಅದಕ್ಕಷ್ಟೇ ಅನುಮತಿ. ಬರೀ ಗಂಡು ತಿಲಾಪಿಯಾ ಸಾಕುವುದೂ ಒಂದು ದಾರಿ, ಆದರೆ ಅದರಲ್ಲಿ ಕೆಲವು ಹೆಣ್ಣು ಉಳಿದೇ ಉಳಿಯುತ್ತವೆ. ಅದನ್ನೇ ನಂಬಿ ಜಾಲರಿ ಬಿಡಬೇಡಿ.

ಮೀನುಕೃಷಿಕ:
ಜಾಲರಿ ನಾವು ಹಾಕುತ್ತೇವೆ. ಪ್ರವಾಹ ಬಂದರೆ? ಏರಿ ಮೇಲೆ ನೀರು ಹರಿದಾಗ ಯಾವ ಜಾಲರಿಯೂ ಉಪಯೋಗಕ್ಕೆ ಬರುವುದಿಲ್ಲ. ಇದಕ್ಕೆ ನಿಮ್ಮಲ್ಲಿ ಉತ್ತರ ಇದೆಯಾ?

ಜಲಚರ:
ಆ ಜಾಗದಲ್ಲಿ ಆ ಮೀನು ಸಾಕಬಾರದು ಅನ್ನುವುದೇ ಉತ್ತರ. ಪನಾಮಾದ ಗಟೂನ್ ಸರೋವರಕ್ಕೆ ಪೀಕಾಕ್ ಬಾಸ್ ಸೇರಿದ್ದು ಸುಮಾರು 1967ರಲ್ಲಿ, ಒಂದು ಖಾಸಗಿ ಕೊಳದಿಂದ ತಪ್ಪಿಸಿಕೊಂಡು. 1973ರ ಹೊತ್ತಿಗೆ ಅದು ನೆಲೆಯೂರಿದ ಕಡೆ ಮೊದಲು ಸಾಮಾನ್ಯವಾಗಿದ್ದ ಎಂಟು ಜಾತಿಗಳಲ್ಲಿ ಆರು ಇರಲೇ ಇಲ್ಲ. ನೆರೆ ಬರುವ ಬಯಲಿನಲ್ಲಿ ಕೊಳ ಇದ್ದರೆ, ಆ ನದಿಯಲ್ಲಿ ಈಗಾಗಲೇ ಇರುವ ಮೀನನ್ನೇ ಸಾಕಿ, ಅದೂ ಅದೇ ನದಿಯ ತಳಿಯದ್ದು. ಹೊರಗಿನ ಜಾತಿ ಬೇಕೇ ಬೇಕು ಅಂದರೆ ಕೊಳವನ್ನು ನೆರೆ ಮುಟ್ಟದ ಎತ್ತರಕ್ಕೆ ತೆಗೆದುಕೊಂಡು ಹೋಗಿ.

ಮೀನುಕೃಷಿಕ:
ಎತ್ತರದಲ್ಲಿ ನೀರು ಸಿಗುವುದು ಕಷ್ಟ, ಖರ್ಚೂ ಜಾಸ್ತಿ. ಅದೇ ನದಿಯ ಮೀನು ಸಾಕಬೇಕು ಅಂದರೆ ಅದರ ಮರಿ ಮಾಡಿ ಕೊಡುವವರು ಬೇಕು. ಈಗ ಮರಿ ಕೇಂದ್ರಗಳು ನಾಲ್ಕೈದು ಜಾತಿ ಬಿಟ್ಟು ಬೇರೆ ಮಾಡುವುದೇ ಇಲ್ಲ. ಅದನ್ನು ಶುರು ಮಾಡಿಸಿ, ಮೊದಲ ಮರಿ ನಾನೇ ಕೊಳ್ಳುತ್ತೇನೆ.